ತಲಬಾಗಿಲಿನ ನಾಲ್ಕು ಬಣ್ಣ

ಕಳೆದ ದಸರೆ ರಜೆಗೆ ಮೊಮ್ಮಕ್ಕಳು ಬ್ಯಾಡಗಿಗೆ ಬಂದಿದ್ದರು. ನಮ್ಮ ಹಳೇ ಮನೆಯ ತಲಬಾಗಿಲನ್ನು ನೋಡಿ ಮಗ ಹೇಳಿದ: "ಅಪ್ಪಾ, ದೀಪಾವಳಿಯೊಳಗ ಈ ಬಣ್ಣ ಪೂರಾ ಕೆರೆಸಿ, ಒಳಗಿನ ಸಾಗವಾನಿ ಕಾಣೋ ಹಂಗ ಪಾಲಿಶ್ ಮಾಡಿಸೋಣು."

ನನಗೂ ಸರಿ ಎನಿಸಿತು. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಹಾವೇರಿ, ರಾಣೆಬೆನ್ನೂರು ಶಾಖೆಗಳಲ್ಲಿ ಲೆಡ್ಜರ್ ಬರೆದವನು ನಾನು. ಮನೆಯಲ್ಲಿ ಕೂತವನಿಗೆ ಇಂಥದೊಂದು ಕೆಲಸ ಸಿಕ್ಕರೆ ಅದೇ ಹಬ್ಬ. ಐದನೇ ತರಗತಿಯ ಮೊಮ್ಮಗಳಿಗೂ ಅಷ್ಟೇ. ಪೇಂಟರ್ ಬರುವವರೆಗೆ ಕಾಯದೆ ನಾವಿಬ್ಬರೇ ಶುರುಮಾಡಿಬಿಟ್ಟೆವು. ನಾನು ಹಳೇ ಚಾಕು ಹಿಡಿದೆ, ಅವಳು ಉಸುಕಿನ ಕಾಗದ ಹಿಡಿದಳು. ಹತ್ತು ನಿಮಿಷದಲ್ಲಿ ಹೊಸ್ತಿಲ ಮುಂದೆಲ್ಲ ಕಂದು, ನೀಲಿ, ಹಸಿರು ಪುಡಿ. ಅವಳ ಒಂದೂವರೆ ವರ್ಷದ ತಮ್ಮ ಆ ಪುಡಿಯಲ್ಲಿ ಅಂಗೈ ಊರಿ ಗೆರೆ ಎಳೆಯುತ್ತಿದ್ದ. ಮರುಕ್ಷಣವೇ ಆ ಕೈ ಬಾಯಿಗೆ ಹೋಯಿತು.

ಅಷ್ಟರಲ್ಲಿ ರಾಣೆಬೆನ್ನೂರಿನಿಂದ ಪೇಂಟರ್ ಮಿಸ್ತ್ರಿ ಬಂದರು. ಅಂಗಳದಿಂದಲೇ ಕೂಗಿದರು: "ಬ್ಯಾಡ್ರಿ ಸಾಹೇಬ್ರ! ಮೊದಲು ಕೂಸಿನ್ನ ಎತ್ತಿಕೊಳ್ರಿ. ಕೈ ತೊಳಿಸ್ರಿ."

ಅವರು ಯಾಕೆ ಹಾಗೆ ಕೂಗಿದರು ಎಂಬುದು ನನಗೆ ತಿಳಿಯಲು ಅರ್ಧ ಗಂಟೆ ಬೇಕಾಯಿತು. ಅದನ್ನು ನಿಮಗೂ ಹೇಳಬೇಕೆಂದೇ ಈ ಬರಹ.

ರೂಪಾಯಿ ಅಗಲದ ಉಂಗುರ

ಮಿಸ್ತ್ರಿ ಮೊದಲು ಆ ಪುಡಿಯ ಮೇಲೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆದರು. ಆಮೇಲೆ 'ವಾಟರ್ ಪೇಪರ್' ಎಂಬ ಕಪ್ಪು ಕಾಗದವನ್ನು ನೀರಿನಲ್ಲಿ ಅದ್ದಿ, ಬಾಗಿಲಿನ ಮೂಲೆಯಲ್ಲಿ ರೂಪಾಯಿ ಅಗಲದಷ್ಟು ಜಾಗವನ್ನು ಮೆಲ್ಲಗೆ ತಿಕ್ಕಿದರು. ಗಿಡ ಕಡಿದಾಗ ವರ್ಷದ ಉಂಗುರಗಳು ಕಾಣುವ ಹಾಗೆ ಅಲ್ಲಿ ಬಣ್ಣದ ಉಂಗುರಗಳು ಕಂಡವು. ಹೊರಗಿನದು ಕಂದು, ಅದರೊಳಗೆ ನೀಲಿ, ಅದರೊಳಗೆ ಹಸಿರು, ನಡುವೆ ಕಾವಿ ಕೆಂಪು. ಎಲ್ಲಕ್ಕೂ ಒಳಗೆ ಕಟ್ಟಿಗೆ.

ಮೊಮ್ಮಗಳು ಎಣಿಸಿದಳು. "ಅಜ್ಜಾ, ನಾಲ್ಕು!"

ಇದು ನನಗೆ ಗೊತ್ತಿರುವ ಲೆಡ್ಜರ್. ಕಂದು 2008ರದು, ಮಗನ ಮದುವೆಗೆ ಹಚ್ಚಿಸಿದ್ದು. ನೀಲಿ 1982ರದು, ಹಿಂದಿನ ಎರಡು ಕೋಣೆ ಕಟ್ಟಿಸಿದಾಗ. ಹಸಿರು 1968ರದು, ನನ್ನ ತಂಗಿಯ ಮದುವೆಗೆ ಅಪ್ಪ ಹಚ್ಚಿಸಿದ್ದರು. ಕಾವಿ ನಾನು ಹುಟ್ಟುವುದಕ್ಕೂ ಮೊದಲಿನದು.

ಹಸಿರಿನ ಹತ್ತಿರ ಬೆರಳಿಟ್ಟು ಮಿಸ್ತ್ರಿ ಹೇಳಿದರು: "ಇದನ್ನ ಒಣಾ ಕೆರೀಬಾರದ್ರಿ. ಇದರಾಗ ಸೀಸ ಇದ್ದರೂ ಇರಬಹುದು."

ಬಣ್ಣದೊಳಗಿನ ಸೀಸ

ಮಕ್ಕಳೇ, ಸೀಸ ಎಂದರೆ ಪೆನ್ಸಿಲ್ಲಿನ ಕಡ್ಡಿ ಎಂದುಕೊಳ್ಳಬೇಡಿ. ಪೆನ್ಸಿಲ್ಲಿನಲ್ಲಿ ಇರುವುದು ಗ್ರಾಫೈಟ್. ಸೀಸ ಭಾರವಾದ ಲೋಹ. ವಾಹನಗಳ ಬ್ಯಾಟರಿಯಲ್ಲಿ ಇರುತ್ತದೆ. ಹಿಂದೆ ಎಣ್ಣೆ ಬಣ್ಣಗಳಿಗೆ ಇದರ ಸಂಯುಕ್ತಗಳನ್ನು ಸೇರಿಸುತ್ತಿದ್ದರು. ಬಣ್ಣ ಬೇಗ ಒಣಗುತ್ತಿತ್ತು, ಗಾಢವಾಗಿ ಕಾಣುತ್ತಿತ್ತು, ಬಹಳ ಕಾಲ ಬಾಳುತ್ತಿತ್ತು. ಹೊಳೆಯುವ ಹಳದಿಗೆ ಸೀಸದ ಕ್ರೋಮೇಟ್ ಬಳಸುತ್ತಿದ್ದರು. ಅದೇ ಹಳದಿಗೆ ನೀಲಿ ಬೆರೆಸಿದರೆ ಹಸಿರು.

ಗಟ್ಟಿಯಾಗಿ ಕೂತ ಬಣ್ಣದಿಂದ ಅಷ್ಟು ತೊಂದರೆಯಿಲ್ಲ. ಅದು ಸಿಪ್ಪೆ ಎದ್ದಾಗ, ಪುಡಿಯಾದಾಗ ಅಪಾಯ. ಪುಡಿ ನೆಲಕ್ಕೆ ಬೀಳುತ್ತದೆ, ನೆಲದಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೆ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಪುಟ್ಟ ಮಕ್ಕಳ ದೇಹ ಹೀರಿಕೊಳ್ಳಬಲ್ಲದು. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿ ಹೊರಗೆ ಕಾಣುವುದಿಲ್ಲ. ಕಲಿಕೆ ಕುಗ್ಗುತ್ತದೆ, ಗಮನ ನಿಲ್ಲುವುದಿಲ್ಲ, ರಕ್ತ ಕಡಿಮೆಯಾಗುತ್ತದೆ. ಇಷ್ಟು ಸೀಸವಾದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇದು ಜಗತ್ತಿಗೆ ಹೊಸದಾಗಿ ತಿಳಿದ ಸಂಗತಿಯೂ ಅಲ್ಲ. ಬಣ್ಣದಲ್ಲಿ ಬಿಳಿ ಸೀಸದ ಬಳಕೆಯನ್ನು ತಡೆಯಲು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1921ರಲ್ಲೇ ಒಪ್ಪಂದ ಮಾಡಿತ್ತು. ಅಮೆರಿಕ 1978ರಲ್ಲಿ ಮನೆಗಳ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿತು. ನಮ್ಮಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ಬಗ್ಗೆ ಬಹಳ ವರ್ಷ ದುಡಿದರು. ಕೇಂದ್ರ ಸರ್ಕಾರ 2016ರಲ್ಲಿ ನಿಯಮ ತಂದು, 2017ರ ನವೆಂಬರ್ 1ರಿಂದ ಮನೆ ಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂದು ಮಾಡಿತು. ಬ್ಯಾಂಕಿನ ಲೆಕ್ಕದಲ್ಲಿ ಹೇಳುವುದಾದರೆ, ಹತ್ತು ಲಕ್ಷ ರೂಪಾಯಿ ಠೇವಣಿಯಲ್ಲಿ 90 ರೂಪಾಯಿ. ನಮ್ಮ ಬಾಗಿಲಿನ ನಾಲ್ಕೂ ಬಣ್ಣ ಆ ನಿಯಮಕ್ಕಿಂತ ಹಿಂದಿನವು.

ಮಿಸ್ತ್ರಿ ಮೆಲ್ಲಗೆ ಹೇಳಿದರು: "ಮೂವತ್ತು ವರ್ಷ ನಾನೂ ಒಣಗಿದ್ದನ್ನ ಕೆರೆದೇನ್ರಿ. ಆ ಪುಡಿ ಮೆತ್ತಿದ ಅಂಗಿ ಹಾಕ್ಕೊಂಡೇ ಮನಿಗೆ ಹೋಗಿ ಹುಡುಗರನ್ನ ಎತ್ತಿಕೊಂತಿದ್ದೆ. ಒಬ್ಬ ಡಾಕ್ಟರ್ ಮನಿಗೆ ಬಣ್ಣ ಮಾಡುವಾಗ ಅವರು ಬೈದು ಹೇಳಿದ್ರು. ಅಲ್ಲಿತನಕ ಯಾರೂ ಹೇಳಿರಲಿಲ್ಲ."

ಆಗ ನನಗೆ ಇನ್ನೊಂದು ನೆನಪಾಗಿ ಎದೆ ಧಸಕ್ಕೆಂದಿತು. ಹಿಂದಿನ ವರ್ಷ ಕಿತ್ತ ಹಳೇ ಹಸಿರು ಕಿಟಕಿ ಚೌಕಟ್ಟನ್ನು ನಾನೇ ಒಡೆದು ಹಂಡೆ ಒಲೆಗೆ ಹಾಕಿದ್ದೆ. ಕಟ್ಟಿಗೆ ಸುಟ್ಟರೂ ಸೀಸ ಸುಟ್ಟು ಹೋಗುವುದಿಲ್ಲ; ಒಂದಿಷ್ಟು ಹೊಗೆಯಲ್ಲಿ, ಉಳಿದದ್ದು ಬೂದಿಯಲ್ಲಿ. ಆ ಬೂದಿಯಿಂದ ನಮ್ಮ ಮನೆಯಾಕೆ ಹಿತ್ತಾಳೆ ಪಾತ್ರೆ ತಿಕ್ಕಿದ್ದಳು.

ಅಂದೇ ಮಗ ಕೂಸನ್ನು ವೈದ್ಯರ ಬಳಿ ಕರೆದೊಯ್ದ. ಸೀಸ ತಿಳಿಯಲು ರಕ್ತಪರೀಕ್ಷೆ ಇದೆ. ಫಲಿತಾಂಶ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಗಾಬರಿಪಡುವಂಥದ್ದೇನಿಲ್ಲ, ಮುಂದೆ ಎಚ್ಚರವಿರಲಿ ಎಂದರು ವೈದ್ಯರು.

ಅಗಸಿ ಎಣ್ಣೆ, ಅರಗು, ಕಾವಿ

ಆ ನಾಲ್ಕು ದಿನ ಮೊಮ್ಮಗಳ ಪ್ರಶ್ನೆಗಳೇ ನನಗೆ ಆಸರೆಯಾದವು. "ಅಜ್ಜಾ, ನಮ್ಮ ಬ್ಯಾಡಗಿ ಮೆಣಸಿನಕಾಯಿ ಇಷ್ಟು ಕೆಂಪಗೈತಿ. ಅದರಿಂದ ಬಾಗಿಲಿಗೆ ಬಣ್ಣ ಮಾಡಬಾರದಾ?"

ಒಳ್ಳೇ ಪ್ರಶ್ನೆ. ನಮ್ಮ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೇ ಹೆಸರುವಾಸಿ. ಅದರಿಂದ ತೆಗೆದ ಬಣ್ಣ ತಿನಿಸುಗಳಿಗೂ ತುಟಿಬಣ್ಣಕ್ಕೂ ಹೋಗುತ್ತದೆ. ಆದರೆ ಬಿಸಿಲಿನಲ್ಲಿ ಅದು ಬೇಗ ಮಾಸುತ್ತದೆ. ಕಾವಿಯ ಕೆಂಪು ಹಾಗಲ್ಲ, ಅದು ಕಬ್ಬಿಣದ ತುಕ್ಕು ಸೇರಿದ ಮಣ್ಣು. ಆಗಲೇ ತುಕ್ಕಾಗಿರುವುದನ್ನು ಬಿಸಿಲು ಇನ್ನೇನು ಕೆಡಿಸೀತು? ಗುಡಿಯ ಗೋಡೆಯ ಕಾವಿ ಪಟ್ಟೆಗಳು ಅದಕ್ಕೇ ವರ್ಷಗಟ್ಟಲೆ ಉಳಿಯುತ್ತವೆ.

ಹಿಂದೆ ಈ ಬಣ್ಣಗಳನ್ನು ಅಗಸಿ ಎಣ್ಣೆಯಲ್ಲಿ ಕಲಸುತ್ತಿದ್ದರು. ನಾವು ರೊಟ್ಟಿ ಜೊತೆ ಚಟ್ನಿಪುಡಿ ಮಾಡಿ ತಿನ್ನುವ ಅಗಸಿಯೇ! ಶೇಂಗಾ ಎಣ್ಣೆ ಹಚ್ಚಿದರೆ ಕಟ್ಟಿಗೆ ಜಿಡ್ಡಾಗಿಯೇ ಇರುತ್ತದೆ. ಅಗಸಿ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿ ಪದರವಾಗುತ್ತದೆ. ಒಂದು ಎಚ್ಚರಿಕೆ: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಎಸೆಯಬಾರದು. ಅದು ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹರವಿ ಒಣಗಿಸಬೇಕು.

ಮರದ ಹೊಳಪಿಗೆ ಬೇಕಾದದ್ದು ಅರಗು. ಮಹಾಭಾರತದ ಅರಗಿನ ಮನೆ ನಿಮಗೆ ಗೊತ್ತಲ್ಲ, ಅದೇ ಅರಗು. ಮುತ್ತುಗ, ಬೋರೆಯಂಥ ಮರಗಳ ಮೇಲೆ ಪುಟ್ಟ ಕೀಟಗಳು ಇದನ್ನು ಸುರಿಸುತ್ತವೆ. ಚನ್ನಪಟ್ಟಣದ ಬೊಂಬೆಗಳಲ್ಲಿ ಹೊಳೆಯುವುದು ಇದೇ. ತಿರುಗುವ ಕಟ್ಟಿಗೆಗೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಮೆತ್ತಿಕೊಳ್ಳುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಬಣ್ಣದ ಕಾರ್ಖಾನೆ ಆರಂಭವಾದದ್ದು 'ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್' ಎಂಬ ಹೆಸರಿನಲ್ಲಿ. ಆ ಲ್ಯಾಕ್ ಎಂದರೆ ಅರಗು. ಚುನಾವಣೆಯಲ್ಲಿ ನಮ್ಮ ಬೆರಳಿಗೆ ಹಚ್ಚುವ ಶಾಯಿಯೂ ಅಲ್ಲಿಯದೇ.

ಬಡಗಿಗಳು ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ, ತೆಳ್ಳಗೆ ಪದರದ ಮೇಲೆ ಪದರ ಸವರುತ್ತಾರೆ. ಕುರ್ಚಿ, ಕಪಾಟಿಗೆ ಇದು ಚೆಂದ. ಅಡುಗೆಮನೆಗೆ ಒಗ್ಗದು. ಬಿಸಿ ಚಹಾದ ಬಟ್ಟಲಿಟ್ಟರೆ ಬಿಳಿ ಉಂಗುರ ಮೂಡುತ್ತದೆ. ಅಡುಗೆಮನೆಯ ಕಪಾಟಿಗೆ ಎನಾಮೆಲ್ಲೇ ಸರಿ. ಆದರೆ ಮೊದಲು ಒಗ್ಗರಣೆಯ ಜಿಡ್ಡನ್ನು ಸೋಡಾ ನೀರಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ಜಿಡ್ಡಿನ ಮೇಲೆ ಹಚ್ಚಿದ ಯಾವ ಬಣ್ಣವೂ ನಿಲ್ಲುವುದಿಲ್ಲ.

ಬಾಗಿಲು ಏನಾಯಿತು?

ಮಿಸ್ತ್ರಿಯ ತೀರ್ಮಾನ ಹೀಗಿತ್ತು: "ಗಟ್ಟಿ ಇದ್ದ ಬಣ್ಣ ಹಂಗ ಇರಲಿ ಸಾಹೇಬ್ರ. ಸಡಿಲಾದದ್ದಷ್ಟ ನೀರು ಹಚ್ಚಿ ತೆಗೆಯೋಣು. ಅದರ ಮ್ಯಾಲೆ ಹೊಸದು ಹಚ್ಚಿ ಮುಚ್ಚಿಬಿಡೋಣು."

ಮಕ್ಕಳನ್ನೂ ಸೊಸೆಯನ್ನೂ ಹಾವೇರಿಯ ನನ್ನ ತಂಗಿಯ ಮನೆಗೆ ಕಳಿಸಿದೆವು. ಮಿಸ್ತ್ರಿ ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದರು, ಮೂಗಿಗೆ ಮಾಸ್ಕ್ ಕಟ್ಟಿದರು. ಕೂಸು ಹಿಡಿದು ನಿಲ್ಲುವ ಕೆಳಗಿನ ಪಟ್ಟಿಯನ್ನು ಒದ್ದೆ ಮಾಡಿ ಮಾಡಿ ಕಟ್ಟಿಗೆ ಕಾಣುವವರೆಗೆ ತೆಗೆದರು. ಬಂದ ರಾಡಿಯನ್ನೆಲ್ಲ ಚೀಲದಲ್ಲಿ ಕಟ್ಟಿ ಬೇರೆ ಇಟ್ಟರು. ಕಸಬರಿಗೆ ಮುಟ್ಟಲಿಲ್ಲ, ನೆಲವನ್ನು ಒದ್ದೆ ಬಟ್ಟೆಯಿಂದಲೇ ಒರೆಸಿದರು. ಆಮೇಲೆ ಪ್ರೈಮರ್, ಪುಟ್ಟಿ, ಮತ್ತೆ ಪ್ರೈಮರ್, ಎರಡು ಕೈ ಎನಾಮೆಲ್. ಡಬ್ಬಿಯ ಮೇಲೆ ಸೀಸದ ಪ್ರಮಾಣ ಬರೆದದ್ದನ್ನು ಕನ್ನಡಕ ಹಾಕಿಕೊಂಡು ನಾನೇ ಓದಿ ನೋಡಿದೆ. ಆರು ದಿನದ ಕೆಲಸದಲ್ಲಿ ಬಣ್ಣ ಹಚ್ಚಿದ್ದು ಎರಡೇ ದಿನ.

ಸಾಗವಾನಿ ಕಾಣಬೇಕೆಂಬ ಮಗನ ಆಸೆಯೂ ತೀರಿತು. ಬಾಗಿಲಿನ ಒಳಮೈಗೆ ನಮ್ಮ ಮನೆಯವರು ಎಂದೂ ಬಣ್ಣ ಹಚ್ಚಿರಲಿಲ್ಲ, ಬರೀ ಎಣ್ಣೆ. ಅದನ್ನು ತೊಳೆದು ಅರಗಿನ ಪಾಲಿಶ್ ಕೊಟ್ಟರು. ಈಗ ಪಡಸಾಲೆಯಲ್ಲಿ ಕೂತರೆ ಸಾಗವಾನಿ, ಬೀದಿಯಲ್ಲಿ ನಿಂತರೆ ಹಸಿರು. ಹಸಿರೇ ಬೇಕೆಂದವಳು ಹಾವೇರಿಯ ತಂಗಿ, ಅವಳ ಮದುವೆಯ ಬಣ್ಣವಲ್ಲವೇ!

ನನ್ನ ವಯಸ್ಸಿನವರಿಗೆ ಒಂದು ಮಾತು. ಹಬ್ಬಕ್ಕೆ ಮೊಮ್ಮಕ್ಕಳನ್ನು ಕೂಡಿಸಿಕೊಂಡು ಹಳೇ ಬಾಗಿಲು, ತೊಟ್ಟಿಲು ಕೆರೆಯಲು ಕೂರಬೇಡಿ. ಬಣ್ಣದ ಕಟ್ಟಿಗೆಯನ್ನು ಒಲೆಗೆ ಹಾಕಬೇಡಿ. ಸೀಸ ಇದೆಯೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ, ಇದೆ ಎಂದೇ ಎಣಿಸಿ ನಡೆಯಿರಿ.

ದೀಪಾವಳಿಯ ದಿನ ಮೊಮ್ಮಗಳು ಹೊಸ್ತಿಲಿಗೆ ಅರಿಷಿಣ ಹಚ್ಚಿ ಕುಂಕುಮ ಇಟ್ಟಳು. ಕೂಸು ಬಾಗಿಲಿನ ಕೆಳಪಟ್ಟಿ ಹಿಡಿದು ಎದ್ದು ನಿಂತು, ಅದನ್ನು ಒಮ್ಮೆ ನೆಕ್ಕಿ ನನ್ನ ಕಡೆ ನೋಡಿ ನಕ್ಕಿತು. ನಾನು ಎತ್ತಿಕೊಂಡು ಕೈಬಾಯಿ ತೊಳೆಸಲು ಬಚ್ಚಲಿಗೆ ಹೊರಟೆ.