ಗರ್ಜನೆಯೊಳಗಣ ಮಾತು

ಪ್ರಶ್ನೆ: ಎಕ್ಸ್‌ಟ್ರೀಮ್ ಮೆಟಲ್ ಹಾಡುಗಳಲ್ಲಿ ಮಾತು ಕಿವಿಗೆ ತಿಳಿಯುವುದೇ ಇಲ್ಲ. ಹಾಗಿರುವಾಗ ಅದರ ಸಾಹಿತ್ಯವನ್ನು ಹೇಗೆ ಬರೆಯುತ್ತಾರೆ?

ಉತ್ತರ: ಗರ್ಜನೆಯಲ್ಲಿ ಕರಗಿಹೋಗುವ ಮಾತಿಗೆ ಶ್ರಮವೇಕೆಂದು ತೋರುವುದು ಸಹಜವಾದರೂ, ಈ ಪ್ರಕಾರದ ಶ್ರೇಷ್ಠರು ಪದಗಳ ವಿಷಯದಲ್ಲಿ ತೋರಿದ ನಿಷ್ಠೆ ನನಗೆ ಅತ್ಯಂತ ಗೌರವಾರ್ಹವೆನಿಸಿದೆ. ಇವರಲ್ಲಿ ಅನೇಕರು ಮೊದಲು ಗಿಟಾರಿನ ಸ್ವರಾವಳಿಯನ್ನೂ ಡ್ರಮ್ಮಿನ ನಡೆಯನ್ನೂ ಸ್ಥಿರಪಡಿಸಿಕೊಂಡು, ಅನಂತರ ಆ ಲಯಕ್ಕೆ ಒಪ್ಪುವಂತೆ ಅಕ್ಷರಗಳನ್ನು ಜೋಡಿಸುವರು. ರಾಗದ ಆಸರೆಯಿಲ್ಲದ ಕಂಠಕ್ಕೆ ವ್ಯಂಜನಗಳ ಆಘಾತವೇ ಆಧಾರವಾದುದರಿಂದ, ಪದದ ಅರ್ಥದಷ್ಟೇ ಅದರ ಪೆಟ್ಟೂ ಮುಖ್ಯ.

ವಸ್ತುವಿನ ಆಯ್ಕೆ ಇನ್ನೂ ವಿಚಿತ್ರವಾದುದು. ಇಂಗ್ಲೆಂಡಿನ ಲಿವರ್‌ಪೂಲಿನ ಕಾರ್ಕಸ್ ತಂಡವು 1988ರಲ್ಲಿ ಹೊರತಂದ ಮೊದಲ ಆಲ್ಬಮ್ಮಿಗೆ ರೋಗ, ಶವಪರೀಕ್ಷೆಗಳ ಪರಿಭಾಷೆಯನ್ನು ವೈದ್ಯಕೀಯ ನಿಘಂಟಿನಿಂದ ಆಯ್ದುಕೊಂಡಿತು. ಆ ತಂಡದ ಜೆಫ್ ವಾಕರ್, ಬಿಲ್ ಸ್ಟಿಯರ್ ಇಬ್ಬರೂ ಸಸ್ಯಾಹಾರಿಗಳಾಗಿದ್ದರೆಂಬುದನ್ನು ನೆನೆದರೆ, ಮಾಂಸವೆಂಬುದು ಏನೆಂದು ಕೇಳುಗನ ಮುಂದೆ ನಿರ್ದಾಕ್ಷಿಣ್ಯವಾಗಿ ಇಡುವ ಹಟವೂ ಅಲ್ಲಿತ್ತೆಂದು ನಾನು ಭಾವಿಸುತ್ತೇನೆ. ಅಮೆರಿಕದ ನೈಲ್ ತಂಡದ ಕಾರ್ಲ್ ಸ್ಯಾಂಡರ್ಸ್ ಪ್ರಾಚೀನ ಈಜಿಪ್ಟಿನ ಇತಿಹಾಸವನ್ನೂ ಪುರಾಣಗಳನ್ನೂ ಓದಿ ಬರೆಯುವರಲ್ಲದೆ, ಆಲ್ಬಮ್ಮಿನೊಡನೆ ಬರುವ ಪುಸ್ತಿಕೆಗಳಲ್ಲಿ ಹಾಡುಗಳ ಮೂಲವನ್ನು ವಿವರಿಸುವ ಟಿಪ್ಪಣಿಗಳನ್ನೂ ಕೊಟ್ಟಿರುವರು.

ಫ್ಲಾರಿಡಾದ ಡೆತ್ ತಂಡದ ಚಕ್ ಷುಲ್ಡಿನರ್ ಅವರಾದರೋ, 1987ರಲ್ಲಿ ಭಯಾನಕ ಚಲನಚಿತ್ರಗಳಿಂದ ಪ್ರೇರಿತರಾಗಿ ಬರೆಯುತ್ತಿದ್ದವರು, 1991ರ ‘ಹ್ಯೂಮನ್’ ವೇಳೆಗೆ ಮನುಷ್ಯನ ಅಂತರಂಗದ ಕಡೆಗೆ ತಿರುಗಿದರು. ಆ ಆಲ್ಬಮ್ಮನ್ನು ಸಾಹಿತ್ಯದ ಪುಟವನ್ನು ಎದುರಿಗಿಟ್ಟುಕೊಂಡು ಒಮ್ಮೆ ಕೇಳಬೇಕೆಂದು ತಮ್ಮಲ್ಲಿ ನನ್ನ ವಿನಂತಿ.