ಕಡಿಮೆ ಪಿಷ್ಟದ ತರಕಾರಿ ಪಲ್ಯಗಳು

ಕಡಿಮೆ ಪಿಷ್ಟದ ತರಕಾರಿ ಪಲ್ಯಗಳು ಎಂದರೆ ಶರ್ಕರಪಿಷ್ಟದ (ಕಾರ್ಬೋಹೈಡ್ರೇಟ್) ಅಂಶ ಕಡಿಮೆಯಿರುವ ಕಾಯಿ ಮತ್ತು ಸೊಪ್ಪುಗಳಿಂದ ಮನೆಯಲ್ಲಿ ತಯಾರಿಸಿ, ಅನ್ನ ಅಥವಾ ರೊಟ್ಟಿಯೊಂದಿಗೆ ಬಡಿಸುವ ವ್ಯಂಜನಗಳು. ರಕ್ತದ ಸಕ್ಕರೆ ಪ್ರಮಾಣವನ್ನು ಹತೋಟಿಯಲ್ಲಿಡಬೇಕಾದ ಮಧುಮೇಹಿಗಳ ಊಟದಲ್ಲಿ ಇವುಗಳಿಗೆ ವಿಶೇಷ ಮಹತ್ವವಿದೆ.

ಹಿನ್ನೆಲೆ
ರಾಯಚೂರು ಜಿಲ್ಲೆಯ ಸಿಂಧನೂರು ಭಾಗದಲ್ಲಿ ಜೋಳದ ರೊಟ್ಟಿ ಸಾಂಪ್ರದಾಯಿಕ ಆಹಾರವಾಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿಂದ ಇಲ್ಲಿ ಭತ್ತದ ಬೇಸಾಯ ವಿಸ್ತರಿಸಿತು. ಸಿಂಧನೂರು ಬಳಿಯ ಆರ್.ಎಚ್. ಕ್ಯಾಂಪ್‌ಗಳು ಪುನರ್ವಸತಿ ಶಿಬಿರಗಳಾಗಿ ಆರಂಭವಾದವು. ಅಲ್ಲಿ ನೆಲೆಸಿದ, ಪೂರ್ವ ಪಾಕಿಸ್ತಾನದಿಂದ (ಇಂದಿನ ಬಾಂಗ್ಲಾದೇಶ) ಬಂದ ಬಂಗಾಳಿ ಕುಟುಂಬಗಳ ಪರಂಪರೆಯಲ್ಲಿ ಅನ್ನವೇ ಪ್ರಧಾನ. ಅನ್ನ ಮತ್ತು ರೊಟ್ಟಿ ಎರಡೂ ಪಿಷ್ಟಪ್ರಧಾನವಾದವು. ಜೋಳದಲ್ಲಿ ನಾರಿನಂಶ ಹೆಚ್ಚಿದ್ದರೂ ಅನ್ನ ಬಿಟ್ಟು ರೊಟ್ಟಿ ತಿಂದ ಮಾತ್ರಕ್ಕೆ ಊಟದ ಪಿಷ್ಟ ಹೆಚ್ಚು ಇಳಿಯುವುದಿಲ್ಲ. ಧಾನ್ಯದ ಪ್ರಮಾಣ ತಗ್ಗಿಸಿ ಪಲ್ಯದ ಪ್ರಮಾಣ ಹೆಚ್ಚಿಸುವುದೇ ಪರಿಣಾಮಕಾರಿ ಕ್ರಮ.

ತರಕಾರಿಗಳ ಆಯ್ಕೆ
100 ಗ್ರಾಂ ಹಸಿ ತರಕಾರಿಯಲ್ಲಿರುವ ಶರ್ಕರಪಿಷ್ಟದ ಅಂದಾಜು ಪ್ರಮಾಣ ಹೀಗಿದೆ:
- ಸೌತೆ, ಸೋರೆ, ಹೀರೆ, ಹಾಗಲ, ಪಾಲಕ್: 3–4 ಗ್ರಾಂ
- ಹೂಕೋಸು, ಎಲೆಕೋಸು, ಬದನೆ, ಬೆಂಡೆ: 5–7 ಗ್ರಾಂ
- ಈರುಳ್ಳಿ, ಗಜ್ಜರಿ, ಬೀಟ್‌ರೂಟ್: 9–10 ಗ್ರಾಂ
- ಆಲೂಗಡ್ಡೆ: 17 ಗ್ರಾಂ
- ಗೆಣಸು: 20 ಗ್ರಾಂ

ಬೇಯಿಸಿದ ಅನ್ನದಲ್ಲಿ ಈ ಪ್ರಮಾಣ ಸುಮಾರು 28 ಗ್ರಾಂ. 250 ಗ್ರಾಂ ಅನ್ನದಿಂದ ಸುಮಾರು 70 ಗ್ರಾಂ ಶರ್ಕರಪಿಷ್ಟ ದೊರೆಯುತ್ತದೆ. ಅನ್ನವನ್ನು 150 ಗ್ರಾಂಗೆ ಇಳಿಸಿ, 150 ಗ್ರಾಂ ಹೀರೆಕಾಯಿ ಪಲ್ಯ ಸೇರಿಸಿದರೆ ಒಟ್ಟು ಪ್ರಮಾಣ 50 ಗ್ರಾಂ ಆಸುಪಾಸಿಗೆ ಇಳಿದರೂ ಹೊಟ್ಟೆ ತುಂಬುತ್ತದೆ.

ಪಿಷ್ಟ ಹೆಚ್ಚಿಸುವ ಸಾಮಗ್ರಿಗಳು
ತರಕಾರಿ ಸರಿಯಾಗಿದ್ದರೂ ಜೊತೆಗೆ ಸೇರಿಸುವ ವಸ್ತುಗಳು ಲೆಕ್ಕವನ್ನು ಬದಲಿಸುತ್ತವೆ. ಹಾಗಲಕಾಯಿಯ ಕಹಿ ಮುರಿಯಲು ಹಾಕುವ ಬೆಲ್ಲ ಬಹುಪಾಲು ಸಕ್ಕರೆಯೇ ಆಗಿದೆ. ಪುಂಡಿ ಪಲ್ಯಕ್ಕೆ ಜೋಳದ ನುಚ್ಚು ಮತ್ತು ಬೇಳೆ ಹಾಕುವ ರೂಢಿಯಿದೆ. ನುಚ್ಚನ್ನು ಕಡಿಮೆ ಮಾಡಿದರೆ ಸೊಪ್ಪಿನ ಹುಳಿರುಚಿ ಹಾಗೆಯೇ ಉಳಿಯುತ್ತದೆ. ಬಂಗಾಳಿಗಳ ಶುಕ್ತೊದಲ್ಲಿ ಹಾಗಲ, ಬದನೆ, ನುಗ್ಗೆಯೊಂದಿಗೆ ಆಲೂಗಡ್ಡೆ ಮತ್ತು ಬಾಳೆಕಾಯಿಯೂ ಇರುತ್ತವೆ; ಈ ಎರಡರ ಬದಲು ಸೋರೆಕಾಯಿ ಬಳಸಬಹುದು. ಎಣ್ಣೆಗಾಯಿಗೆ ತುಂಬುವ ಶೇಂಗಾ, ಎಳ್ಳು, ಗುರೆಳ್ಳು ಪುಡಿಗಳಲ್ಲಿ ಪಿಷ್ಟ ಕಡಿಮೆ. ಆದರೆ ಕೊಬ್ಬು ಹೆಚ್ಚಿರುವುದರಿಂದ ಮಿತಿ ಅಗತ್ಯ.

ತಯಾರಿಕೆಯ ಉದಾಹರಣೆ: ಹೀರೆಕಾಯಿ ಪಲ್ಯ
ಅರ್ಧ ಕಿಲೋ ಎಳೆಯ ಹೀರೆಕಾಯಿಯ ಏಣುಗಳನ್ನು ಹೆರೆದು ಹೆಚ್ಚಿಕೊಳ್ಳಬೇಕು. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಮತ್ತು ಹಸಿಮೆಣಸಿನಕಾಯಿಯ ಒಗ್ಗರಣೆ ಮಾಡಿ, ಹೋಳುಗಳನ್ನೂ ಅರಿಸಿನವನ್ನೂ ಹಾಕಿ ಮುಚ್ಚಬೇಕು. ಕಾಯಿಯೇ ನೀರು ಬಿಡುವುದರಿಂದ ಬೇರೆ ನೀರು ಬೇಕಿಲ್ಲ. ಸುಮಾರು ಹತ್ತು ನಿಮಿಷದಲ್ಲಿ ಬೆಂದ ಬಳಿಕ ಉಪ್ಪು ಮತ್ತು ಎರಡು ಚಮಚ ಹುರಿದ ಶೇಂಗಾ ಪುಡಿ ಬೆರೆಸಿ ಇಳಿಸಬೇಕು. ಬೆಂದಾಗ ಕಾಯಿ ಕುಗ್ಗುವುದರಿಂದ ಉಪ್ಪನ್ನು ಕೊನೆಯಲ್ಲಿ ಹಾಕುವುದು ಉತ್ತಮ. ಹೆರೆದ ಸಿಪ್ಪೆಯಿಂದ ಚಟ್ನಿ ತಯಾರಿಸಲಾಗುತ್ತದೆ.

ಎಚ್ಚರಿಕೆಗಳು
ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ಬಳಸುವವರು ಅನ್ನ, ರೊಟ್ಟಿಗಳನ್ನು ಒಮ್ಮೆಲೇ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು. ನಡುಕ, ಬೆವರು, ತಲೆಸುತ್ತು ಇದರ ಲಕ್ಷಣಗಳು. ಆದ್ದರಿಂದ ಔಷಧದ ಪ್ರಮಾಣದ ಬಗ್ಗೆ ವೈದ್ಯರನ್ನು ಮೊದಲೇ ವಿಚಾರಿಸುವುದು ಅವಶ್ಯಕ. ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಸೊಪ್ಪು, ತರಕಾರಿಗಳಲ್ಲಿನ ಪೊಟ್ಯಾಸಿಯಂ ತೊಂದರೆ ಕೊಡಬಹುದು. ಹಾಗಲಕಾಯಿಯಾಗಲಿ ಮೆಂತ್ಯವಾಗಲಿ ಔಷಧಕ್ಕೆ ಬದಲಿಯಲ್ಲ.