ಚೊಲೋ ಓದುವ ತಮ್ಮ ಪಿಯುಸಿಯಲ್ಲಿ ಎಡವಿದರೆ?

ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 560 ತಗೊಂಡ ಹುಡುಗ. ಓಣಿಗೆಲ್ಲ ಪೇಢೆ ಹಂಚಿದ್ದಾಯ್ತು. ಫಸ್ಟ್ ಪಿಯುಸಿ ಸೈನ್ಸ್ ಸೇರಿ ಎರಡು ತಿಂಗಳಾಗಿಲ್ಲ, ಮೊದಲ ಟೆಸ್ಟ್‌ನಲ್ಲೇ ಫಿಸಿಕ್ಸ್ ಫೇಲ್. ಆಗ ಊರಿಂದ ನಿಮಗೆ ಫೋನ್ ಬರುತ್ತೆ: "ನೀನರ ಸ್ವಲ್ಪ ಹೇಳಪಾ ಅವಗ. ಬರೇ ಮೊಬೈಲ್ ಹಿಡ್ಕೊಂಡ್ ಕುಂದರ್ತಾನ."

ನಮ್ಮ ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಂಥ ಊರುಗಳಿಂದ ಬಂದು ಬೆಂಗಳೂರು, ಪುಣೆಯಲ್ಲಿ ಕೆಲಸ ಮಾಡುವ ಅಣ್ಣ-ಅಕ್ಕಂದಿರಿಗೆ ಈ ಫೋನ್ ಹೊಸದಲ್ಲ. ಬೈಯುವ ಮುಂಚೆ ಒಂದು ಮಾತು ನೆನಪಿರಲಿ. ಎರಡು ತಿಂಗಳಲ್ಲಿ ಯಾರೂ ದಡ್ಡರಾಗಲ್ಲ. ಏನೋ ಬದಲಾಗಿದೆ, ಅದೇನು ಅಂತ ಹುಡುಕಬೇಕು.

ಬದಲಾಗಿದ್ದು ಏನು?

ಮೊದಲನೆಯದು ಭಾಷೆ. ಹತ್ತು ವರ್ಷ ಕನ್ನಡದಲ್ಲಿ ಓದಿದವನಿಗೆ ಜೂನ್‌ನಲ್ಲಿ ಎಲ್ಲವೂ ಇಂಗ್ಲಿಷ್. ವೇಗೋತ್ಕರ್ಷ ಅಂದರೆ ಅವನಿಗೆ ಗೊತ್ತು, ಆಕ್ಸಿಲರೇಷನ್ ಅಂದರೆ ಗೊತ್ತಿಲ್ಲ. ಪ್ರತ್ಯಾಮ್ಲ ಗೊತ್ತು, ಬೇಸ್ ಗೊತ್ತಿಲ್ಲ. ವಿಷಯ ತಲೆಯಲ್ಲಿದೆ, ಹೆಸರು ಬದಲಾಗಿದೆ. ಅವನು ಮಾತ್ರ "ನನಗ ಸೈನ್ಸ್ ಬರೂದಿಲ್ಲ" ಅಂದುಕೊಂಡಿರ್ತಾನೆ.

ಎರಡನೆಯದು ಗಣಿತ. ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯ ಇದೆ. ಫಿಸಿಕ್ಸ್‌ನ ಶುರುವಿನ ಪಾಠಗಳಲ್ಲೇ ಡೆರಿವೇಟಿವ್ ಬರುತ್ತೆ. ಗಣಿತದ ಪುಸ್ತಕದಲ್ಲಿ ಅದರ ಅಧ್ಯಾಯ ಇರೋದು ಕೊನೆಯ ಕಡೆಗೆ. ಅಂದರೆ ಇನ್ನೂ ಕಲಿಸದ ಗಣಿತವನ್ನು ಫಿಸಿಕ್ಸ್ ಬಳಸ್ತಾ ಇರುತ್ತೆ. ಇದನ್ನು ಹುಡುಗನಿಗೆ ಬಿಡಿಸಿ ಹೇಳಿದರೆ ಅರ್ಧ ಭಯ ಹೋಗುತ್ತೆ.

ಮೂರನೆಯದು ದಿನಚರಿ. ಬೆಳಿಗ್ಗೆ ಬಸ್ಸು, ಸಂಜೆ ಮತ್ತೆ ಬಸ್ಸು, ಇಲ್ಲವೇ ಹೊಸ ಹಾಸ್ಟೆಲ್. ಕಾಲೇಜು ಶುರುವಾಗುವ ಹೊತ್ತಿಗೇ ಮುಂಗಾರು ಬಿತ್ತನೆ. ಅಪ್ಪ-ಅವ್ವ ಹೊಲದಲ್ಲಿ ಇರ್ತಾರೆ, ಅವನು ಎಷ್ಟು ಹೊತ್ತಿಗೆ ಮಲಗ್ತಾನೆ ಅನ್ನೋದು ಯಾರಿಗೂ ಗೊತ್ತಿರಲ್ಲ.

ಫೋನಲ್ಲೇ ಪತ್ತೆ ಮಾಡಿ

ಕೋಡ್ ಕೈಕೊಟ್ಟರೆ ನಾವು ಕಂಪ್ಯೂಟರ್‌ಗೆ ಬೈಯಲ್ಲ, ಯಾವ ಸಾಲಲ್ಲಿ ತಪ್ಪಿದೆ ಅಂತ ನೋಡ್ತೀವಿ. ಇಲ್ಲೂ ಅಷ್ಟೇ. ವಿಡಿಯೋ ಕಾಲ್ ಮಾಡಿ, "ತಮ್ಮಾ, ಮಾರ್ಕ್ಸ್ ಬಿಡು. ಎಲ್ಲಿ ತಿಳಿಯವಲ್ದು, ಆ ಪುಟ ತೋರ್ಸು" ಅನ್ನಿ. ಒಂದು ಪ್ಯಾರಾ ಓದಿಸಿ, ಕನ್ನಡದಲ್ಲಿ ಹೇಳೋಕೆ ಹೇಳಿ.

* ಪದಗಳಲ್ಲೇ ನಿಂತರೆ, ತೊಂದರೆ ಭಾಷೆಯದು.
* ಅರ್ಥ ಹೇಳಿ, ಲೆಕ್ಕದಲ್ಲಿ ನಿಂತರೆ, ಬುನಾದಿಯದು.
* ಎರಡೂ ಬಂದು ಟೆಸ್ಟ್‌ನಲ್ಲಿ ಬರೆಯೋಕಾಗದಿದ್ದರೆ, ಬರೆದು ಅಭ್ಯಾಸ ಸಾಲದು.
* ಪುಸ್ತಕ ತೆಗೆಯೋಕೇ ಮನಸ್ಸಿಲ್ಲದಿದ್ದರೆ, ಕಾರಣ ಓದಿನ ಹೊರಗಿರಬಹುದು.

ಆಮೇಲೆ ಏನು?

ಭಾಷೆಯ ತೊಂದರೆಗೆ ಸುಲಭದ ದಾರಿ ಹತ್ತನೇ ತರಗತಿಯ ಇಂಗ್ಲಿಷ್ ಮಾಧ್ಯಮದ ವಿಜ್ಞಾನ ಪುಸ್ತಕ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಲ್ಲಿ ಎರಡೂ ಮಾಧ್ಯಮದ ಪಿಡಿಎಫ್ ಉಚಿತವಾಗಿ ಸಿಗುತ್ತೆ. ಪಾಠ ಮೊದಲೇ ಗೊತ್ತಿರೋದರಿಂದ ಅವನು ಕಲಿಯಬೇಕಾದ್ದು ಪದಗಳನ್ನಷ್ಟೇ. ಒಂದು ನೋಟ್‌ಬುಕ್‌ನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ. ದಿನಕ್ಕೆ ಹತ್ತು ಸಾಕು.

ಬುನಾದಿ ಸಡಿಲಿದ್ದರೆ ಹತ್ತನೆಯ ಬೀಜಗಣಿತ, ತ್ರಿಕೋನಮಿತಿಗೆ ವಾಪಸ್ ಹೋಗಲಿ. ಅದು ಹಿಂದೆ ಬಿದ್ದ ಹಾಗಲ್ಲ. ಯಾವುದು ಬರ್ತಿಲ್ಲ ಅಂತ ಚೀಟಿಯಲ್ಲಿ ಬರೆದು ಲೆಕ್ಚರರ್ ಹತ್ತಿರ ಹೋಗಲಿ. "ಏನೂ ತಿಳಿಯವಲ್ದು" ಅಂದವನಿಗಿಂತ "ಈ ಲೆಕ್ಕ ಇಲ್ಲಿ ತಿಳಿಯವಲ್ದು" ಅಂದವನಿಗೆ ಸಹಾಯ ಮಾಡೋದು ಅವರಿಗೂ ಸುಲಭ.

ವಾರಕ್ಕೆ ಎರಡು ಸಲ, ಅರ್ಧ ಗಂಟೆ ನಿಮ್ಮ ಸಮಯ ಕೊಡಿ. ನೀವೇ ಪಾಠ ಮಾಡಬೇಕಿಲ್ಲ, ಅವನು ಹೇಳೋದನ್ನು ಕೇಳಿದರೂ ಸಾಕು. ಪಕ್ಕದ ಮನೆ ಹುಡುಗನ ಮಾರ್ಕ್ಸ್ ಮಾತು ಮಾತ್ರ ಎತ್ತಬೇಡಿ.

ಓದಿನಾಚೆಯ ಕಾರಣ

ನಿದ್ದೆ ಕೆಟ್ಟಿದ್ದರೆ, ಊಟ ಬಿಟ್ಟರೆ, ಗೆಳೆಯರ ಜೊತೆಗೂ ಮಾತು ನಿಲ್ಲಿಸಿದ್ದರೆ, "ನಾ ಇದ್ದೇನ್ ಉಪಯೋಗ" ಅಂದರೆ ಅದನ್ನು ಸೋಮಾರಿತನ ಅನ್ನಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯೂ ಇದೆ.

ಎಲ್ಲ ಮಾಡಿದ ಮೇಲೂ ಅವನಿಗೆ ಸೈನ್ಸ್ ಬೇಡ ಅನಿಸಿದರೆ ಆ ಮಾತನ್ನೂ ಕೇಳಿ. ಕಾಂಬಿನೇಷನ್ ಬದಲಿಸೋಕೆ ಆಗುತ್ತಾ ಅಂತ ಕಾಲೇಜಿನಲ್ಲಿ ಬೇಗ ವಿಚಾರಿಸಿ. ಕಾಮರ್ಸ್, ಆರ್ಟ್ಸ್ ಸೋತವರ ದಾರಿಯಲ್ಲ ಅಂತ ಅಪ್ಪ-ಅವ್ವಗೆ ತಿಳಿಸಿ ಹೇಳೋದು ಮಾತ್ರ ನಿಮ್ಮ ಪಾಲಿನ ಕೆಲಸ. ಸಂಬಳ ತರುವ ಮಗನ, ಮಗಳ ಮಾತಿಗೆ ಮನೆಯಲ್ಲಿ ಬೆಲೆ ಇದೆ. ಅದನ್ನು ತಮ್ಮನ ಪರವಾಗಿ ಬಳಸಿ.